ಶನಿವಾರದ ಅಜ್ಜ-ಅಜ್ಜಿ

ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿ ನಮ್ಮ ತೀರ್ಥಹಳ್ಳಿ ಕಡೆ ಇಲ್ಲ. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿರುವ ಮಗನ ಮನೆಗೆ ಹೋದಾಗಲೂ ಆ ಅಭ್ಯಾಸ ನನ್ನ ಜತೆಗೇ ಬಂದಿತ್ತು. ನಾನು ಹೋದ ಎರಡನೇ ವಾರ ಪಕ್ಕದ ಮನೆಯ ಅಜ್ಜ-ಅಜ್ಜಿ ಹಿತ್ತಲಲ್ಲಿ ಬೆಳೆದ ಟೊಮೆಟೊ ಹಿಡಿದುಕೊಂಡು ಬಾಗಿಲು ತಟ್ಟಿದರು. ಊರಿಂದ ಒಯ್ದಿದ್ದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ, ನೊರೆ ಬರುವಂತೆ ಎತ್ತಿ ಹೊಯ್ದು, ಎರಡು ಲೋಟ ತಂದಿಟ್ಟೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ತಪ್ಪು ತಿಳೀಬೇಡಿ. ನಾವು ಕಾಫಿ, ಟೀ ಎರಡೂ ಕುಡಿಯೋದಿಲ್ಲ" ಎಂದರು ಅಜ್ಜಿ.

ನನಗೆ ಪೆಚ್ಚೆನಿಸಿತು. ಆಮೇಲೆ ಒಳಗೆ ಹೋಗಿ ಕಷಾಯದ ಪುಡಿಯ ಡಬ್ಬಿ ತೆಗೆದೆ. ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದು ಮಾಡಿದ್ದು. ಹಾಲು, ಬೆಲ್ಲ ಹಾಕಿ ಕುದಿಸಿ ಕೊಟ್ಟೆ. ಅಜ್ಜ ಲೋಟ ಖಾಲಿ ಮಾಡಿ ಇನ್ನೊಂದು ಸಿಗುತ್ತದೆಯೇ ಎಂದು ಕೇಳಿದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವರು ಅಮೆರಿಕದ ಐಡಾಹೊ ರಾಜ್ಯದವರು. ಅಜ್ಜನಿಗೆ 71, ಅಜ್ಜಿಗೆ 69. ಅಜ್ಜ ಆಲೂಗಡ್ಡೆ ಬೆಳೆಗಾರ, ಅಜ್ಜಿ ನನ್ನ ಹಾಗೆಯೇ ನಿವೃತ್ತ ಶಾಲಾ ಶಿಕ್ಷಕಿ. ಹೊರಗೆ ಹೊರಟರೆ ಇಬ್ಬರ ಎದೆಯ ಮೇಲೂ ಕಪ್ಪು ಬಣ್ಣದ ಹೆಸರಿನ ಪಟ್ಟಿ. ಮಾರ್ಮನ್ ಎಂದು ಜನ ಕರೆಯುವ ಕ್ರೈಸ್ತ ಪಂಥದ ಮಿಷನರಿಗಳು ಅವರು. ಆ ಪಂಥದಲ್ಲಿ ಹರೆಯದ ಹುಡುಗ ಹುಡುಗಿಯರು ಮನೆ ಬಿಟ್ಟು ದೂರದೂರಿಗೆ ಸೇವೆಗೆ ಹೋಗುವ ವಾಡಿಕೆ ಇದೆ. ಮಕ್ಕಳೆಲ್ಲ ಒಂದು ದಡ ಸೇರಿದ ಮೇಲೆ, ಕೈಕಾಲು ಗಟ್ಟಿ ಇರುವ ಹಿರಿಯ ದಂಪತಿಗಳೂ ಹೋಗುತ್ತಾರೆ. ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು. ಇವರದ್ದು 18 ತಿಂಗಳ ಸೇವೆ. ನಾನು ಹೋದಾಗ 14 ತಿಂಗಳು ಕಳೆದಿತ್ತು.

ಹ್ಯಾಮಿಲ್ಟನ್ನಿನ ಹೊರವಲಯದಲ್ಲಿ, ಗುಡ್ಡದ ಮೇಲೆ, ಆ ಪಂಥದ ಬಿಳಿಯ ದೇವಾಲಯವಿದೆ. 1958ರಲ್ಲಿ ತೆರೆದದ್ದು. ಸಂಬಳ ಪಡೆಯದ ಸ್ವಯಂಸೇವಕರೇ ಕಾಂಕ್ರೀಟಿನ ಇಟ್ಟಿಗೆ ಎರಕ ಹೊಯ್ದು ಕಟ್ಟಿದರಂತೆ. ನಮ್ಮ ಅಜ್ಜ-ಅಜ್ಜಿಯರ ಕೆಲಸ ಬೇರೆ ತರಹದ್ದು. ಹರೆಯದ ಮಿಷನರಿಗಳ ಬಾಡಿಗೆ ಮನೆಗಳ ನಲ್ಲಿ, ಹಾಸಿಗೆ ಸರಿಯಿದೆಯೇ ಎಂದು ನೋಡುವುದು, ಲೆಕ್ಕ ಬರೆಯುವುದು, ಒಂಟಿಯಾಗಿರುವ ಮುದುಕರ ಮನೆಗೆ ಹೋಗಿ ಮಾತಾಡಿಸುವುದು. "ಅಮ್ಮಾ, ನಿನ್ನನ್ನೂ ಸೇರಿಸಿಕೊಳ್ಳೋಕೆ ಬಂದಾರು" ಎಂದು ಮಗ ನಗೆಯಾಡಿದ್ದ. ಒಂದು ಸಲ ಪ್ರಾರ್ಥನೆಗೆ ಕರೆದದ್ದು ನಿಜ. ನನ್ನ ದೇವರ ಗೂಡು ತೋರಿಸಿ, ನನಗೆ ಇದು ಸಾಕು ಎಂದೆ. ಅಜ್ಜಿ ಕೈ ಮುಗಿದು, ದೀಪಕ್ಕೆ ಯಾವ ಎಣ್ಣೆ ಹಾಕುತ್ತೀರಿ ಎಂದು ವಿಚಾರಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಭಾನುವಾರ ಅವರಿಗೆ ಪ್ರಾರ್ಥನೆಯ ದಿನ, ಎಲ್ಲೂ ತಿರುಗಾಡುವಂತಿಲ್ಲ. ಬಿಡುವು ಶನಿವಾರ ಮಾತ್ರ. ಬೆಳಗ್ಗೆ ಬಟ್ಟೆ ಒಗೆದು ಹಾಕಿದವರೇ ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ನನ್ನನ್ನೂ ನನ್ನ ಒಂಬತ್ತು ವರ್ಷದ ಮೊಮ್ಮಗನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವುದು ರೂಢಿಯಾಯಿತು. ಮಗ ಸೊಸೆಗೆ ಶನಿವಾರವೂ ಪಾಳಿ ಇರುತ್ತಿತ್ತು. ನಾನು ಸೋಫಾದ ಮೇಲೆ ಕೂತು, ಊರಿಗೆ ಹೋಗಲು ಇನ್ನೆಷ್ಟು ದಿನ ಎಂದು ಕ್ಯಾಲೆಂಡರ್ ನೋಡುವುದು ಅವರಿಗೆ ಕಿಟಕಿಯಿಂದ ಕಾಣುತ್ತಿತ್ತೋ ಏನೋ. ಅಮೆರಿಕದಲ್ಲಿ ವಾಹನ ರಸ್ತೆಯ ಬಲಕ್ಕೆ, ನ್ಯೂಜಿಲೆಂಡಿನಲ್ಲಿ ನಮ್ಮ ಹಾಗೆ ಎಡಕ್ಕೆ. ತಿರುವು ಬಂದಾಗಲೆಲ್ಲ ಅಜ್ಜಿ ಮುಂದಿನಿಂದ, ನಾನು ಹಿಂದಿನಿಂದ "ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದೆವು.

ಮೊದಲು ಹೋದದ್ದು ಊರೊಳಗೇ ಇರುವ ಹ್ಯಾಮಿಲ್ಟನ್ ಗಾರ್ಡನ್ಸ್‌ಗೆ. ಆ ದೇಶದ ಅತಿ ಉದ್ದದ ನದಿ ವೈಕಾಟೊ, 425 ಕಿಲೋಮೀಟರ್ ಹರಿಯುತ್ತದೆ. ಅದರ ದಡದಲ್ಲಿ ಬೇರೆ ಬೇರೆ ದೇಶಗಳ ಮಾದರಿಯ ತೋಟಗಳು. ಮೊಗಲರ ಕಾಲದ ಚಾರ್‌ಬಾಗ್ ಕೂಡ ಇದೆ. ನನಗೆ ಅದನ್ನು ತೋರಿಸಬೇಕೆಂದೇ ಕರೆತಂದಿದ್ದರು. ನಾನು ನೋಡಿದೆ, ಚೆನ್ನಾಗಿತ್ತು. ಆದರೆ ಅಜ್ಜ ನಿಂತುಬಿಟ್ಟದ್ದು ಮಾವೊರಿಗಳ ತೋಟದಲ್ಲಿ. ಮಾವೊರಿ ಎಂದರೆ ಆ ದೇಶದ ಮೂಲ ಜನ. ಸಾಲಾಗಿ ಮಣ್ಣಿನ ಗುಪ್ಪೆಗಳು, ಮೇಲೆ ಹಬ್ಬಿದ ಬಳ್ಳಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ನಮ್ಮ ಗೆಣಸು! ಅಲ್ಲಿ ಅದಕ್ಕೆ ಕುಮಾರ ಎನ್ನುತ್ತಾರೆ. ಹೌದು ಮಕ್ಕಳೇ, ನಮ್ಮ ಹುಡುಗರಿಗೆ ಇಡುವ ಹೆಸರಿನ ಹಾಗೇ ಕೇಳಿಸುತ್ತದೆ. ಮಾವೊರಿಗಳ ಹಿರಿಯರು ನೂರಾರು ವರ್ಷಗಳ ಹಿಂದೆ ದೋಣಿಗಳಲ್ಲಿ ಸಾಗರ ದಾಟಿ ಬರುವಾಗ ಈ ಗೆಣಸನ್ನೂ ತಂದಿದ್ದರು. ಸೆಕೆಯ ಸೀಮೆಯ ಬೆಳೆ ಚಳಿಗೆ ಏಳಲಿಲ್ಲ. ಅದಕ್ಕೆ ಮಣ್ಣಿಗೆ ಮರಳು, ಸಣ್ಣ ಕಲ್ಲು ಬೆರೆಸಿ ನೆಲವನ್ನು ಬೆಚ್ಚಗೆ ಮಾಡಿದರು. ಅಜ್ಜ ಬಗ್ಗಿ ಚಿಟಿಕೆ ಮಣ್ಣು ತೆಗೆದು, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದರು. ನಮ್ಮ ಯಜಮಾನರು ಅಡಿಕೆ ತೋಟದಲ್ಲಿ ಮಾಡುವುದೂ ಥೇಟ್ ಹಾಗೆಯೇ.

ನನ್ನ ಬಾಯಿ ಸುಮ್ಮನಿರುವುದಿಲ್ಲ. "ಸೇವೆಗೆ ಅಂತ ಬಂದವರು ಹೀಗೆ ಊರು ಸುತ್ತಬಹುದೇ?" ಎಂದು ಕೇಳಿಯೇಬಿಟ್ಟೆ.

ಅಜ್ಜ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮೊಮ್ಮಗನ ಕಡೆ ತಿರುಗಿ, "ನಿನ್ನ ಪೆಪೆಹ ಹೇಳು ಮಗು" ಎಂದರು. ಹುಡುಗ ನೆಟ್ಟಗೆ ನಿಂತು ಮಾವೊರಿ ಭಾಷೆಯಲ್ಲಿ ಗಿಣಿಪಾಠದಂತೆ ಒಪ್ಪಿಸಿದ. ಶಾಲೆಯಲ್ಲಿ ಕಲಿಸಿದ್ದಂತೆ. ಮಾವೊರಿಗಳು ತಮ್ಮ ಪರಿಚಯ ಹೇಳಿಕೊಳ್ಳುವ ರೀತಿ ಅದು. ಮೊದಲು ನನ್ನ ಬೆಟ್ಟ ಇದು ಎನ್ನಬೇಕು, ಆಮೇಲೆ ನನ್ನ ನದಿ ಇದು. ಹಿರಿಯರು ಬಂದ ದೋಣಿ, ಕುಲ ಎಲ್ಲ ಹೇಳಿ, ತನ್ನ ಹೆಸರು ಕೊನೆಗೆ. ನನ್ನ ಮೊಮ್ಮಗ ಪಿರೊಂಗಿಯ ನನ್ನ ಬೆಟ್ಟ, ವೈಕಾಟೊ ನನ್ನ ನದಿ ಎಂದ. ನನಗೆ ಎಲ್ಲೋ ಚುಚ್ಚಿದಂತಾಯಿತು. ಮಗು ಹುಟ್ಟಿದ್ದೇ ಅಲ್ಲಿ, ತಪ್ಪೇನಿಲ್ಲ. ಆದರೂ.

"ನಾನು ಮಾತಾಡಿಸಲು ಹೋಗುವವರು ಬೆಟ್ಟದಿಂದ ಮಾತು ಶುರು ಮಾಡ್ತಾರೆ. ಆ ಬೆಟ್ಟ ನಾನು ನೋಡಿಲ್ಲ ಅಂದರೆ ಅರ್ಧ ಮಾತು ತಲೆಗೇ ಹೋಗೋದಿಲ್ಲ" ಎಂದರು ಅಜ್ಜ. ಅಜ್ಜಿ ಚೀಲದಿಂದ ಪೋಸ್ಟ್‌ಕಾರ್ಡುಗಳ ಕಟ್ಟು ತೆಗೆದು ತೋರಿಸಿದರು. ಹೋದ ಊರಿನಿಂದೆಲ್ಲ ಒಂಬತ್ತು ಮೊಮ್ಮಕ್ಕಳಿಗೂ ಒಂದೊಂದು. ಒಂಬತ್ತನೆಯದು ಇವರು ಬಂದ ಮೇಲೆ ಹುಟ್ಟಿದ ಹೆಣ್ಣುಮಗು. ಇನ್ನೂ ಎತ್ತಿಕೊಂಡಿಲ್ಲ. ಓದಲು ಬಾರದ ಆ ಕೂಸಿಗೂ ಒಂದು ಕಾರ್ಡು ತಪ್ಪದೆ ಹೋಗುತ್ತಿತ್ತು.

ನಿಜ ಹೇಳಬೇಕೆಂದರೆ, ತಿರುಗಾಟಕ್ಕೆ ಒಳ್ಳೆಯ ಸಬೂಬು ಹುಡುಕಿದ್ದಾರೆ ಎಂದೇ ಅಂದುಕೊಂಡೆ.

ಮಾರ್ಚ್ ತಿಂಗಳ ಒಂದು ಬುಧವಾರ ಅಜ್ಜನ ಅಣ್ಣ ತೀರಿಕೊಂಡ ಸುದ್ದಿ ಬಂತು. ಇವರು ಇಲ್ಲಿರುವಷ್ಟು ದಿನ ಹೊಲ ನೋಡಿಕೊಳ್ಳುತ್ತೇನೆ, ಧೈರ್ಯವಾಗಿ ಹೋಗಿ ಬಾ ಎಂದು ಕಳಿಸಿಕೊಟ್ಟವನು ಆ ಅಣ್ಣನೇ. ಇವರು ಹೊರಟು ಹೋಗುತ್ತಾರೆ ಎಂದುಕೊಂಡಿದ್ದೆ. ಎರಡು ರಾತ್ರಿ ಅವರ ಅಡುಗೆಮನೆಯ ದೀಪ ಉರಿಯುತ್ತಲೇ ಇತ್ತು. ಹೋಗಲಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿಯೇ ಬಾ ಎಂದು ಅಣ್ಣನೇ ಹೇಳಿದ್ದನಂತೆ. ಅದು ಸರಿಯೋ ತಪ್ಪೋ ನಾನು ಹೇಳಲಾರೆ. ನಮ್ಮಲ್ಲಾಗಿದ್ದರೆ ಎದ್ದುಬಿದ್ದು ಓಡುತ್ತಿದ್ದೆವು.

ಶನಿವಾರ ಬೆಳಗ್ಗೆ ಕಾರು ಹೊರಗೆ ಬಂದದ್ದು ನೋಡಿ ನನಗೆ ಆಶ್ಚರ್ಯ. "ಮನೆಯಲ್ಲಿ ಕೂತರೆ ಇವರಿಗೆ ಆಗೋದಿಲ್ಲ" ಎಂದು ಅಜ್ಜಿ ಮೆಲ್ಲಗೆ ಹೇಳಿದರು. ಅವತ್ತು ಹೋದದ್ದು ನೂರು ಕಿಲೋಮೀಟರ್ ದೂರದ ರೊಟೊರುವ ಪಟ್ಟಣಕ್ಕೆ.

ಊರು ಹತ್ತಿರವಾಗುವಾಗಲೇ ಕೊಳೆತ ಮೊಟ್ಟೆಯ ವಾಸನೆ. ಮೊಮ್ಮಗ ಮೂಗು ಹಿಡಿದುಕೊಂಡ. ನೆಲದಡಿಯ ಗಂಧಕದ ವಾಸನೆ ಅದು. ಅಲ್ಲಿ ಭೂಮಿ ಒಳಗಿನಿಂದ ಇನ್ನೂ ಕುದಿಯುತ್ತಿದೆ. ಚರಂಡಿಯಿಂದ, ಪಾರ್ಕಿನ ಹುಲ್ಲಿನ ನಡುವಿನಿಂದ ಹಬೆ ಏಳುತ್ತದೆ. ಪೊಹುಟು ಎಂಬ ಬುಗ್ಗೆ ದಿನಕ್ಕೆ ಹಲವು ಸಲ ಚಿಮ್ಮುತ್ತದೆ, ಕೆಲವೊಮ್ಮೆ 30 ಮೀಟರ್ ಎತ್ತರಕ್ಕೆ. ನಾವು ಸ್ನಾನಕ್ಕೆ ನೀರು ಕಾಯಿಸುವ ಗೀಸರ್ ಇದೆಯಲ್ಲ, ಆ ಹೆಸರು ಬಂದದ್ದೇ ಇಂಥ ಬುಗ್ಗೆಗಳಿಂದ. ಐಡಾಹೊದ ಪಕ್ಕದಲ್ಲೇ ಇರುವ ಯೆಲ್ಲೊಸ್ಟೋನ್‌ನಲ್ಲೂ ಹೆಸರಾಂತ ಬುಗ್ಗೆಯೊಂದಿದೆ. ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದಂತೆ. ಚಿಕ್ಕವರಿದ್ದಾಗ ಅಣ್ಣ ತಮ್ಮ ಇಬ್ಬರೂ ಅದರ ಮುಂದೆ ಗಡಿಯಾರ ಹಿಡಿದು ಕೂರುತ್ತಿದ್ದರು ಎಂದಷ್ಟೇ ಅಜ್ಜ ಅಂದರು.

ಊರಿನ ಅಂಚಿನಲ್ಲಿ ರೆಡ್‌ವುಡ್ ಮರಗಳ ಕಾಡಿದೆ. ಅಮೆರಿಕದ ಕ್ಯಾಲಿಫೋರ್ನಿಯದ ಮರಗಳು. ಇಲ್ಲಿ ಬೆಳೆಯುತ್ತವೆಯೇ ನೋಡೋಣ ಎಂದು 1901ರಲ್ಲಿ ನೆಟ್ಟದ್ದು. ಈಗ ಎಪ್ಪತ್ತು ಮೀಟರ್ ದಾಟಿವೆ. ತುದಿ ನೋಡಲು ಹೋದರೆ ತಲೆಯ ಮೇಲಿನ ಟೋಪಿ ಬೀಳುತ್ತದೆ. ಒಳಗೆ ಹಕ್ಕಿಯ ದನಿಯೂ ಮೆತ್ತಗಾಗುತ್ತದೆ, ಕಾಲ ಕೆಳಗೆ ಒಣ ಎಲೆಗಳ ಕೆಂಪು ಹಾಸು. ಅಜ್ಜ ಒಂದು ಮರದ ಕಾಂಡಕ್ಕೆ ಅಂಗೈ ಇಟ್ಟು ನಿಂತರು. ತುಂಬಾ ಹೊತ್ತು. ಅಜ್ಜಿ ದೂರದಲ್ಲೇ ಉಳಿದರು, ನಾನೂ ಮೊಮ್ಮಗನ ಕೈ ಹಿಡಿದುಕೊಂಡು ಅಲ್ಲೇ ನಿಂತೆ. ಯಾವತ್ತೂ ಸುಮ್ಮನಿರದ ಹುಡುಗ, ಅವತ್ತು ಏನೂ ಕೇಳಲಿಲ್ಲ.

ವಾಪಸು ಬರುವಾಗ ಮಾವೊರಿಗಳ ಹಳ್ಳಿಯಲ್ಲಿ, ಕುದಿಯುವ ಕೊಳದಲ್ಲಿ ಮುಳುಗಿಸಿ ಬೇಯಿಸಿದ ಜೋಳದ ತೆನೆ ಮಾರುತ್ತಿದ್ದರು. ಅಜ್ಜಿ ಒಂದು ತೆನೆ ಹೆಚ್ಚಿಗೆ ಕೊಂಡು, ಬಟ್ಟೆ ಸುತ್ತಿ ಚೀಲದಲ್ಲಿಟ್ಟರು. ಯಾರಿಗೆ ಎಂದು ಗೊತ್ತಾದದ್ದು ಸೋಮವಾರ. ಅವರು ವಾರವಾರ ಮಾತಾಡಿಸಲು ಹೋಗುವ ಮಾವೊರಿ ಮುದುಕಿಯೊಬ್ಬರ ಮನೆಗೆ ಅವತ್ತು ನನ್ನನ್ನೂ ಕರೆದೊಯ್ದರು. ಹುಟ್ಟಿದ್ದು ಆ ಹಳ್ಳಿಯಲ್ಲಿ, ಈಗ ಮಂಚ ಬಿಟ್ಟು ಏಳಲಾರರು. ಒಂದು ವರ್ಷದಿಂದ ಹೂಂ, ಉಹೂಂ ಬಿಟ್ಟರೆ ಹೆಚ್ಚು ಮಾತಿರಲಿಲ್ಲವಂತೆ. ಬಿಸಿ ಮಾಡಿದ ತೆನೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಒಂದು ಗಂಟೆ ಮಾತಾಡಿದರು. ಕುದಿಯುವ ಕೊಳದಲ್ಲಿ ತಾಯಿ ಪಾತ್ರೆ ಇಳಿಬಿಡುತ್ತಿದ್ದದ್ದು, ಸೇತುವೆಯಿಂದ ಹೊಳೆಗೆ ಹಾರುತ್ತಿದ್ದದ್ದು, ಬೈಗುಳ ತಿಂದದ್ದು. ಯಾವ ಸೇತುವೆ ಎಂದು ಅಜ್ಜನಿಗೆ ಗೊತ್ತಿತ್ತು. ಮೊನ್ನೆ ಶನಿವಾರ ಅದರ ಮೇಲೇ ನಿಂತಿದ್ದರಲ್ಲ. ನನ್ನ ಸಬೂಬಿನ ಲೆಕ್ಕಾಚಾರವನ್ನು ನಾನು ಅಲ್ಲಿಗೆ ಬಿಟ್ಟೆ.

ಏಪ್ರಿಲಿನಲ್ಲಿ ವೈಟೊಮೊ ಗುಹೆಗೆ ಹೋದೆವು. ಮಾವೊರಿಯಲ್ಲಿ ವೈ ಎಂದರೆ ನೀರು, ಟೊಮೊ ಎಂದರೆ ಹಳ್ಳ, ಕುಳಿ. ಸುಣ್ಣಕಲ್ಲಿನ ಬೆಟ್ಟವನ್ನು ನೀರು ಕೊರೆದು ಕೊರೆದು ಆದ ಗುಹೆ. ಅದರೊಳಗೊಂದು ಹೊಳೆ. ಟಾನೆ ಟಿನೊರೌ ಎಂಬ ಮಾವೊರಿ ಮುಖಂಡ 1887ರಲ್ಲಿ ಇಂಗ್ಲಿಷ್ ಸರ್ವೆಯರ್ ಫ್ರೆಡ್ ಮೇಸ್ ಜತೆ, ನಾರುಗಿಡದ ದಂಟಿನ ತೆಪ್ಪದ ಮೇಲೆ, ಮೇಣದ ಬತ್ತಿ ಹಿಡಿದು ಒಳಗೆ ಹೋದ. ಎರಡೇ ವರ್ಷಕ್ಕೆ ಜನರಿಗೆ ತೋರಿಸಲು ಶುರು ಮಾಡಿದ. ನಡುವೆ ಸರ್ಕಾರ ಗುಹೆಯನ್ನು ವಹಿಸಿಕೊಂಡಿತು. 1989ರಲ್ಲಿ ಅದು ಅವನ ವಂಶದವರಿಗೆ ಮರಳಿತು. ಈಗಲೂ ಅಲ್ಲಿ ದಾರಿ ತೋರಿಸುವವರಲ್ಲಿ ಅವನ ಮರಿಮೊಮ್ಮಕ್ಕಳು ಇದ್ದಾರೆ.

ನನಗೆ ಕತ್ತಲೆ ಎಂದರೆ ಆಗುವುದಿಲ್ಲ. ಹೊರಗೇ ಕೂರುತ್ತೇನೆ ಎಂದೆ. ಅಮೆರಿಕದ ಅಜ್ಜಿ ನನ್ನ ತೋಳು ಹಿಡಿದು, "ನನಗೂ ಹೆದರಿಕೆ. ಇಬ್ಬರೂ ಒಟ್ಟಿಗೆ ಹೆದರೋಣ ಬನ್ನಿ" ಎಂದರು. ಇಳಿಯುತ್ತ ಇಳಿಯುತ್ತ ಬೆಳಕು ಹಿಂದೆ ಉಳಿಯಿತು. ದೋಣಿಯಲ್ಲಿ ಕೂರಿಸಿದರು. ಮಾತಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ದೋಣಿಯವನು ಹುಟ್ಟು ಹಾಕದೆ, ಮೇಲೆ ಕಟ್ಟಿದ ಹಗ್ಗ ಹಿಡಿದೆಳೆಯುತ್ತ ಸಾಗಿದ. ನೀರಿನ ಸದ್ದೂ ಇಲ್ಲ. ತಲೆ ಎತ್ತಿದೆ.

ಮಕ್ಕಳೇ, ಮೇ ಕೊನೆಗೆ, ಮಳೆಗಾಲ ಹಿಡಿಯುವ ಮುಂಚೆ, ನಮ್ಮ ಮಲೆನಾಡಿನ ಮರಗಳಲ್ಲಿ ಮಿಣುಕುಹುಳ ಕವಿಯುವುದನ್ನು ಕಂಡಿದ್ದೀರಾ? ಅವು ಮಿಣುಕುತ್ತವೆ, ಆರುತ್ತವೆ. ಇಲ್ಲಿನವು ಆರುವುದೇ ಇಲ್ಲ. ಗುಹೆಯ ಚಾವಣಿ ತುಂಬ ನೀಲಿ-ಹಸಿರು ಚುಕ್ಕಿಗಳು. ಕಾರ್ತೀಕದ ಆಕಾಶವನ್ನು ಯಾರೋ ಕೈಗೆಟಕುವಷ್ಟು ಕೆಳಗಿಳಿಸಿದ ಹಾಗೆ. ಕೆಳಗೆ ನೀರಿನಲ್ಲೂ ಅವೇ ಚುಕ್ಕಿಗಳು. ದೋಣಿ ಎಲ್ಲಿ ತೇಲುತ್ತಿದೆ ಎಂದೇ ತಿಳಿಯದು. ಮೊಮ್ಮಗ ನನ್ನ ಸೆರಗು ಹಿಡಿದುಕೊಂಡು, ಅದೂ ಪಿಸುದನಿಯಲ್ಲಿ, "ಅಜ್ಜೀ, ನಕ್ಷತ್ರ" ಎಂದ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ! ಆ ಪದ ನಾನು ಯಾವಾಗ ಹೇಳಿಕೊಟ್ಟಿದ್ದೆ ಎಂದು ನನಗೇ ನೆನಪಿಲ್ಲ.

ಚೆಂದದ ಹಿಂದಿನ ಕತೆ ಮಾತ್ರ ಅಷ್ಟು ಸೌಮ್ಯವಲ್ಲ. ಅವು ನಮ್ಮ ಮಿಣುಕುಹುಳದ ಜಾತಿಯಲ್ಲ, ಸೊಳ್ಳೆಯಂಥ ಒಂದು ನೊಣದ ಮರಿಗಳು. ಚಾವಣಿಗೆ ಅಂಟಿಕೊಂಡು, ರೇಷ್ಮೆಯಂಥ ಎಳೆಗಳನ್ನು ಕೆಳಗೆ ಬಿಡುತ್ತವೆ. ಎಳೆಯ ತುಂಬ ಅಂಟಿನ ಹನಿ. ಹೊಳೆಯ ಮೇಲೆ ಹಾರುವ ಹುಳಗಳು ಬೆಳಕಿಗೆ ಮರುಳಾಗಿ ಬಂದು ಸಿಕ್ಕಿಬೀಳುತ್ತವೆ. ಮರಿ ಎಳೆಯನ್ನು ಮೇಲೆಳೆದುಕೊಂಡು ತಿನ್ನುತ್ತದೆ. ಹೊಟ್ಟೆ ಹಸಿದಷ್ಟೂ ಬೆಳಕು ಜಾಸ್ತಿ. ಹೀಗೆ ತಿಂಗಳುಗಟ್ಟಲೆ ತಿಂದು ಬೆಳೆದು ರೆಕ್ಕೆ ಬಂದ ಮೇಲೆ, ಅದಕ್ಕೆ ತಿನ್ನಲು ಬಾಯಿಯೇ ಇರುವುದಿಲ್ಲ! ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ಇದನ್ನು ಕೇಳಿ ಮೊಮ್ಮಗ ಎರಡು ದಿನ ಊಟದ ಹೊತ್ತಿಗೆಲ್ಲ ಬಾಯಿ ಮುಚ್ಚಿಕೊಂಡು ಆಟವಾಡಿದ. ಸೊಸೆಯ ಬೈಗುಳ ನನಗೆ ಬಿತ್ತು.

ಕೊನೆಯ ಶನಿವಾರ ಮೇ ತಿಂಗಳಲ್ಲಿ. ಅಲ್ಲಿಗೆ ಅದು ಚಳಿಗಾಲದ ಬಾಗಿಲು. ಕೊರೊಮಾಂಡೆಲ್ ಕಡಲತೀರದ ಹಾಟ್ ವಾಟರ್ ಬೀಚಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ. ಸಮುದ್ರ ಇಳಿತವಾದಾಗ, ಅದರ ಆಚೀಚೆ ಎರಡು ಗಂಟೆಯ ಹೊತ್ತು, ಮರಳು ಅಗೆದರೆ ಕೆಳಗಿನಿಂದ ಬಿಸಿನೀರು ಒಸರುತ್ತದೆ. ನಮ್ಮ ನಮ್ಮ ಹೊಂಡ ನಾವೇ ತೋಡಿಕೊಂಡು ಕೂರುವುದು. ಕಡಲಿನಲ್ಲಿ ಮಾತ್ರ ಇಳಿಯಬಾರದು, ಒಳಸೆಳೆತ ಜೋರು ಎಂದು ಬೋರ್ಡು ಹಾಕಿದ್ದಾರೆ. ಹರೆಯದ ಹುಡುಗರು ಬಾಡಿಗೆ ಸಲಿಕೆ ಹಿಡಿದು ಏದುಸಿರು ಬಿಡುತ್ತಿದ್ದರು. ನಮ್ಮ ಅಜ್ಜ ಐವತ್ತು ವರ್ಷ ಆಲೂಗಡ್ಡೆ ಅಗೆದವರು! ಪ್ಯಾಂಟು ಮಡಚಿ, ಹತ್ತೇ ನಿಮಿಷದಲ್ಲಿ ನಾಲ್ಕು ಜನ ಕೂರುವ ಹೊಂಡ ತೋಡಿ, ಅಂಚು ಕಟ್ಟಿ, ತಣ್ಣೀರು ಬರಲು ಒಂದು ಕಾಲುವೆಯನ್ನೂ ಬಿಟ್ಟರು. ಸುತ್ತಲಿನವರು ಬಂದು ಸಲಹೆ ಕೇಳತೊಡಗಿದರು. ಮೊಮ್ಮಗ ಅವಸರಪಟ್ಟು ಬಿಸಿ ಊಟೆಯ ಮೇಲೆಯೇ ಕೂತು ಕಿರುಚಿಕೊಂಡು ಎದ್ದ. ಕೆಲವು ಕಡೆ ಅದು 64 ಡಿಗ್ರಿವರೆಗೂ ಸುಡುತ್ತದೆ. ನಾನು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಪಾದ ಇಳಿಬಿಟ್ಟು ಕೂತೆ. ಬೆನ್ನಿಗೆ ಚಳಿಗಾಳಿ, ಕಾಲಿಗೆ ಹದವಾದ ಬಿಸಿ. ಊರಿನ ಬಚ್ಚಲ ಹಂಡೆ ನೆನಪಾಯಿತು.

"ಅಜ್ಜಿ, ನಿನ್ನ ಬೆಟ್ಟ ಯಾವುದು?" ಎಂದು ಮೊಮ್ಮಗ ಅಲ್ಲೇ ಕೇಳಿದ್ದು.

ಅಜ್ಜ ಮೊದಲು ತಮ್ಮದು ಹೇಳಿದರು. ಟೀಟನ್ ತಮ್ಮ ಬೆಟ್ಟ, ಸ್ನೇಕ್ ತಮ್ಮ ನದಿ. ನದಿಗೆ ಹಾವು ಎಂದು ಹೆಸರೇ ಎಂದು ಹುಡುಗ ನಕ್ಕ. ನಾನು ಹೇಳಿದೆ, ಕುಂದಾದ್ರಿ ನನ್ನ ಬೆಟ್ಟ, ತುಂಗೆ ನನ್ನ ನದಿ. ಬೆಟ್ಟದ ಮೇಲೆ ಏನಿದೆ ಎಂದು ಕೇಳಿದ. ಹಳೆಯ ಬಸದಿ ಇದೆ, ಬಂಡೆಯ ನಡುವೆ ನೀರಿನ ಕೊಳ ಇದೆ, ನಿಮ್ಮಪ್ಪ ನಿನ್ನಷ್ಟಿರುವಾಗ ಅಲ್ಲಿ ಚಪ್ಪಲಿ ಕಳೆದುಕೊಂಡು ಅತ್ತಿದ್ದ ಎಂದೆ. ಅಪ್ಪ ಅತ್ತ ಸಂಗತಿ ಅವನಿಗೆ ಬಹಳ ಹಿಡಿಸಿತು. ಮೂರು ಸಲ ಹೇಳಿಸಿದ. ಅಷ್ಟರಲ್ಲಿ ಕಡಲು ಏರತೊಡಗಿ, ಒಂದು ಅಲೆ ಬಂದು ನಮ್ಮ ಹೊಂಡದ ಅಂಚು ಒಡೆಯಿತು. ಎಲ್ಲರೂ ಚಪ್ಪಲಿ ಹಿಡಿದುಕೊಂಡು ಓಡಿದೆವು.

ಮೇ ಕೊನೆಗೆ ಅವರು ಹೊರಟರು. ಉಳಿದಿದ್ದ ಕಷಾಯದ ಪುಡಿಯನ್ನೆಲ್ಲ ಕಟ್ಟಿಕೊಟ್ಟೆ. ಜೂನಿನಲ್ಲಿ ನಾನೂ ಊರಿಗೆ ಬಂದೆ.

ಹೋದ ತಿಂಗಳು ತೀರ್ಥಹಳ್ಳಿಯ ಮನೆಗೆ ಒಂದು ಪೋಸ್ಟ್‌ಕಾರ್ಡು ಬಂತು. ಕಣ್ಣು ಹಾಯುವಷ್ಟು ದೂರ ಆಲೂಗಡ್ಡೆ ಹೊಲ, ಹಿಂದೆ ಹಿಮದ ಬೆಟ್ಟ. ಒಂಬತ್ತನೆಯ ಮೊಮ್ಮಗಳು ಮೊದಲ ದಿನ ಅಜ್ಜಿಯನ್ನು ನೋಡಿ ಹೆದರಿ ಅತ್ತಳಂತೆ, ನಾಲ್ಕನೆಯ ದಿನ ತೊಡೆಯಿಂದ ಇಳಿಯಲಿಲ್ಲವಂತೆ. ಯಜಮಾನರು ಕನ್ನಡಕ ಏರಿಸಿ ಹೊಲದ ಚಿತ್ರವನ್ನೇ ನೋಡುತ್ತ ಕೂತರು. ತೋಟ ಬಿಟ್ಟು ಆರು ದಿನ ಎಲ್ಲೂ ಹೋಗದ ಮನುಷ್ಯ.

"ಹದಿನೆಂಟು ತಿಂಗಳು ಇದನ್ನ ಬಿಟ್ಟು ಹೋಗಿದ್ರಾ? ನೀರು ಗೊಬ್ಬರ ಯಾರು ನೋಡಿಕೊಂಡ್ರಂತೆ?"

"ಅವರ ಅಣ್ಣ."

"ಆ ಅಣ್ಣ ಈಗ?"

"ಇಲ್ಲ. ಇವರು ಅಲ್ಲಿರುವಾಗಲೇ ಹೋದರು."

ಯಜಮಾನರು ಏನೂ ಹೇಳಲಿಲ್ಲ. ಕಾರ್ಡನ್ನು ಇನ್ನೊಮ್ಮೆ ನೋಡಿ, ಎದ್ದು ಹೋಗಿ ರೇಡಿಯೊದ ಪಕ್ಕ, ಹೊಲದ ಚಿತ್ರ ಎದುರಿಗೆ ಕಾಣುವ ಹಾಗೆ ಒರಗಿಸಿಟ್ಟರು.